ಮೂರನೆಯ ಬೋಲ್ಟಿನ ಬಿಳಿ ಗೆರೆ

ಅಕ್ಟೋಬರ್ 10, ಭಾನುವಾರ

ತಮ್ಮಾ,

ನನ್ನ ಅಕ್ಷರ ಕಂಡ ಕೂಡಲೇ ಕಾಗದವನ್ನು ಮುದ್ದೆ ಮಾಡಿ ಎಸೆಯಬೇಡ. ಜಗಳಕ್ಕೆ ಬರೆಯುತ್ತಿಲ್ಲ. ಕಾರು ವಾಪಸ್ ಕೊಡು ಎಂದೂ ಕೇಳುತ್ತಿಲ್ಲ. ನೀನು ಹೇಳದೆ ಕೇಳದೆ ನಮ್ಮ ಮುದುಕಿ ಕಾರನ್ನು ಶೆಡ್ಡಿನಿಂದ ಹೊರಡಿಸಿಕೊಂಡು ಹೋಗಿ ಇವತ್ತಿಗೆ ಐದು ವಾರ. ಸ್ಟಾರ್ಟ್ ಮಾಡಿದರೆ ನನಗೆ ಎಚ್ಚರವಾಗುತ್ತದೆಂದು ಬೀದಿಯ ತುದಿಯ ತನಕ ತಳ್ಳಿಕೊಂಡು ಹೋಗಿದ್ದೀಯ. ಮಣ್ಣಿನಲ್ಲಿ ಚಕ್ರದ ಗುರುತು ನೋಡಿದೆ. ನಿನ್ನ ಚಪ್ಪಲಿಯ ಗುರುತೂ ಇತ್ತು. ಇರಲಿ ಬಿಡು.

ನಿನ್ನ ಹೆಂಡತಿಯ ಕಾರ್ಡು ಬಂತು. ನಾನು ಅತ್ತೆಯಾಗುತ್ತೇನಂತೆ. ಇದನ್ನು ನೀನು ಬರೆಯಲಿಲ್ಲ, ಅವಳು ಬರೆದಳು. ಹೋದ ವರ್ಷದ ಹಾಗೆ ಈ ಸಲವೂ ಮಗುವನ್ನು ಕಳೆದುಕೊಳ್ಳಬಾರದೆಂದು ಡಾಕ್ಟರಮ್ಮ ಪ್ರತಿ ಗುರುವಾರ ಇಂಜೆಕ್ಷನ್ನಿಗೆ ಬರಲು ಹೇಳಿದ್ದಾರೆ, ಗಣಿ ಆಫೀಸಿರುವ ಗುಡ್ಡದಿಂದ ಆಸ್ಪತ್ರೆಗೆ ಇಳಿಯಲು ಹದಿನೆಂಟು ತಿರುವು, ನೀನೇ ಕಾರಿನಲ್ಲಿ ಕರೆದುಕೊಂಡು ಹೋಗುತ್ತೀಯ ಎಂದೆಲ್ಲ ಬರೆದಿದ್ದಾಳೆ. 'ಒಂದು ಕಡೆ ಬರೀ ಪ್ರಪಾತ ಅಕ್ಕ, ನಾನು ಕಣ್ಣು ಮುಚ್ಚಿಕೊಂಡೇ ಕೂತಿರುತ್ತೇನೆ' ಎಂದೂ ಬರೆದಿದ್ದಾಳೆ.

ಅದಕ್ಕೇ ಈ ಕಾಗದ. ಒಂದು ಕೆಲಸ ಮಾಡು. ಸ್ಟೀರಿಂಗ್ ಬಾಕ್ಸನ್ನು ಕಾರಿನ ಚಾಸಿ ಚೌಕಟ್ಟಿಗೆ ಹಿಡಿದು ನಿಲ್ಲಿಸಿರುವ ಮೂರು ಬೋಲ್ಟುಗಳಿವೆಯಲ್ಲ, ಅದರಲ್ಲಿ ಹಿಂದಿನದು, ಮೂರನೆಯದು, ಅದಕ್ಕೊಂದು ಸಲ ಸ್ಪ್ಯಾನರ್ ಹಾಕಿ ನೋಡು. ಸೈಲೆನ್ಸರ್ ಪೈಪ್ ಬಿಚ್ಚದೆ ಅಲ್ಲಿಗೆ ಕೈ ಹೋಗುವುದಿಲ್ಲವೆಂದು ನನಗೂ ಗೊತ್ತು. ಅರ್ಧ ದಿನದ ಕೆಲಸ, ಬೆರಳಿನ ಗೆಣ್ಣಿನ ಚರ್ಮ ಕಿತ್ತುಬರುವ ಕೆಲಸ. ಆದರೂ ಮಾಡು. ಮುಂದಿನ ಗುರುವಾರದೊಳಗೆ ಮಾಡು. ಯಾಕೆ ಏನು ಎಂದು ಕಾಲು ಕೆರೆದು ಜಗಳಕ್ಕೆ ಬರಬೇಡ, ಸುಮ್ಮನೆ ಮಾಡು.

ಹದಿನಾಲ್ಕರ ಸ್ಪ್ಯಾನರನ್ನು ಇನ್ನೂ ಹುಡುಕುತ್ತಿರುವ,
ಅಕ್ಕ

*

ಅಕ್ಟೋಬರ್ 18

ಅಕ್ಕ,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ಐದು ವಾರ ಬಾಯಿಗೆ ಬೀಗ ಹಾಕಿಕೊಂಡಿದ್ದವಳು ಏಕಾಏಕಿ ಒಂದು ಬೋಲ್ಟಿನ ಬಗ್ಗೆ ಬರೆದರೆ ಯಾರಾದರೂ ನಾಲ್ಕು ಸಲ ಓದುತ್ತಾರೆ.

ಮುದುಕಿ ಚೆನ್ನಾಗಿದ್ದಾಳೆ. ಎಡಕ್ಕೆ ತಿರುಗಿಸಿದಾಗಲೆಲ್ಲ ಹಾರ್ನ್ ತಾನಾಗಿ ಹೊಡೆದುಕೊಳ್ಳುವ ರೋಗ ಮಾತ್ರ ಬಿಟ್ಟಿಲ್ಲ. ವೈರನ್ನು ಮೂರು ಸಲ ಬದಲಾಯಿಸಿದೆ, ಟೇಪ್ ಸುತ್ತಿದೆ, ಬೈದೆ, ಬೇಡಿಕೊಂಡೆ. ಇಳಿಜಾರಿನಲ್ಲಿ ಎಡಕ್ಕೆ ಹತ್ತು ತಿರುವು. ಗಣಿಯವರೆಲ್ಲ ನನ್ನನ್ನು ಈಗ 'ಪೀಪಿ ಸಾಹೇಬ್ರು' ಅನ್ನುತ್ತಾರೆ. ಇಲ್ಲಿ ನಕ್ಷೆ ಬರೆಯುವವನು ನಾನೊಬ್ಬನೇ ಆದ್ದರಿಂದ ಮುಖದ ಎದುರು ನಗುವುದಿಲ್ಲ.

ನೀನು ಹೇಳಿದ ಬೋಲ್ಟನ್ನು ನೋಡಿದೆ. ನಿನ್ನ ಕಟ್ಟುಹಲ್ಲಿನ ಲ್ಯಾಬಿನ, ಹಲ್ಲು ನೋಡುವ ಪುಟ್ಟ ಕನ್ನಡಿ ಟೂಲ್ ಬಾಕ್ಸಿನಲ್ಲೇ ಇತ್ತು. ಪೈಪಿನ ಸಂದಿನಲ್ಲಿ ಅದನ್ನು ತೂರಿಸಿ, ಟಾರ್ಚ್ ಬಿಟ್ಟು ನೋಡಿದೆ. ನಿನ್ನ ಬಿಳಿ ನೇಲ್‌ಪಾಲಿಶ್ ಗೆರೆ ಬೋಲ್ಟಿನ ತಲೆಯಿಂದ ಬಾಕ್ಸಿನ ಮೇಲಕ್ಕೆ ನೇರವಾಗಿ ಹಾದುಹೋಗಿದೆ. ಕೂದಲೆಳೆಯಷ್ಟೂ ಒಡೆದಿಲ್ಲ. ಬೋಲ್ಟ್ ಸಡಿಲಾಗಿದ್ದರೆ ಗೆರೆ ಮುರಿದಿರಬೇಕಿತ್ತು, ಅಲ್ಲವೇ?

ಅಪ್ಪನ ಕಟ್ಟಳೆಯನ್ನು ನಾನು ನಿನಗೆ ನೆನಪಿಸಬೇಕಾಗಿ ಬಂತಲ್ಲ. ಮೊದಲು ಬಿಗಿ, ಆಮೇಲೆ ಗೆರೆ. ಗೆರೆ ಬಿದ್ದ ಬೋಲ್ಟಿಗೆ ಇನ್ನೊಬ್ಬರು ಸ್ಪ್ಯಾನರ್ ಹಾಕಿದರೆ ಅದು ಗೆರೆ ಎಳೆದವರಿಗೆ ಮಾಡಿದ ಅವಮಾನ. ಎರಡು ವರ್ಷದ ಭಾನುವಾರಗಳಲ್ಲಿ ಕಾರು ಕೂಡಿಸುವಾಗ ನಾವಿಬ್ಬರೂ ಹಾಗೇ ನಡೆದುಕೊಂಡೆವು. ಈ ಗೆರೆ ನಿನ್ನದು. ನಿನ್ನ ಗೆರೆಯನ್ನು ನಂಬದೆ ಇರುವುದಕ್ಕೆ ನನಗೇನಾದರೂ ಕಾರಣ ಇದೆಯಾ? ಕಾರಿನಲ್ಲಿ ಒಟ್ಟು ನಲವತ್ತೊಂದು ಗೆರೆಗಳಿವೆ. ಮೂರನೆಯ ಬೋಲ್ಟೇ ಯಾಕೆ?

ಕಾರಣ ಇದ್ದರೆ ಬರೆ. ಇಲ್ಲದಿದ್ದರೆ, ಕಾರು ಕೈತಪ್ಪಿ ಹೋದ ಸಂಕಟಕ್ಕೆ ನನ್ನನ್ನು ಹೆದರಿಸುತ್ತಿದ್ದೀಯ ಎಂದುಕೊಳ್ಳುತ್ತೇನೆ.

ತಮ್ಮ

*

ಅಕ್ಟೋಬರ್ 23, ಶನಿವಾರ

ತಮ್ಮಾ,

ಕಾರಿನ ಆಸೆಗೆ ಹೆದರಿಸುತ್ತೇನಾ? ನಿನಗೆ ಟೈರಿನ ಪಂಕ್ಚರ್ ಹಾಕಲು ಕಲಿಸಿದವಳು ನಾನು ಕಣೋ. ಜ್ಯಾಕ್ ಜಾರಿ ನಿನ್ನ ಕಾಲಿನ ಮೇಲೆ ಬೀಳುವುದರಲ್ಲಿದ್ದಾಗ ಬಂಪರಿಗೆ ಹೆಗಲು ಕೊಟ್ಟವಳೂ ನಾನೇ. ಇಂಥ ಮಾತು ಬರೆಯುವಾಗ ನಿನ್ನ ಪೆನ್ನು ಸ್ವಲ್ಪವಾದರೂ ನಿಲ್ಲಬೇಕಿತ್ತು.

ಮೂರನೆಯದೇ ಯಾಕೆ ಎಂದು ಕೇಳಿದ್ದೀಯ. ಅದು ಹಳೆಯ ಬೋಲ್ಟು. ಥ್ರೆಡ್ಡು ಸವೆದಿರಬಹುದು ಎಂದು ಆಮೇಲೆ ಅನಿಸಿತು. ಅಷ್ಟೇ. ಬೇರೆ ಕಾರಣ ಇಲ್ಲ.

ಬೇರೆ ಕಾರಣ ಇಲ್ಲದಿದ್ದರೂ ಬಿಚ್ಚಿ ನೋಡು. ಕನ್ನಡಿಯಲ್ಲಿ ನೋಡಿದರೆ ಸಾಲದು. ಕೈ ಹಾಕು. ಅವಮಾನ ಎಂದು ನಾನು ತಿಳಿಯುವುದಿಲ್ಲ, ಅಪ್ಪನೂ ಮೇಲಿನಿಂದ ಬಂದು ಕಿವಿ ಹಿಂಡುವುದಿಲ್ಲ.

ಮೊನ್ನೆ ಗುರುವಾರ ಬೆಳಿಗ್ಗೆ ಒಬ್ಬ ಮುದುಕರ ಕಟ್ಟುಹಲ್ಲಿನ ಸೆಟ್ಟಿಗೆ ಮೇಣದಲ್ಲಿ ಮೇಲಿನ ಸಾಲಿನ ಹಲ್ಲು ಕೂರಿಸುತ್ತಿದ್ದೆ. ಒಂಬತ್ತೂವರೆಗೆ ನೀವು ಮನೆ ಬಿಟ್ಟಿರುತ್ತೀರಿ ಎಂದು ಲೆಕ್ಕ ಹಾಕಿದೆ. ಹತ್ತಕ್ಕೆ ಆರನೇ ತಿರುವು. ಹತ್ತೂಕಾಲಿಗೆ ಹನ್ನೆರಡನೆಯದು. ಮೇಣ ಕೈಯಲ್ಲೇ ಗಟ್ಟಿಯಾಯಿತು. ಹನ್ನೊಂದಕ್ಕೆ ನೋಡಿದರೆ ನಾಲ್ಕು ಮುಂದಿನ ಹಲ್ಲುಗಳನ್ನು ಹಿಂದುಮುಂದಾಗಿ ಕೂರಿಸಿದ್ದೆ. ಡಾಕ್ಟರು, 'ಏನಮ್ಮಾ, ಈ ಅಜ್ಜ ಇನ್ನು ಬೆನ್ನ ಕಡೆಯಿಂದ ಊಟ ಮಾಡ್ಬೇಕಾ?' ಅಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ನಿನ್ನೆ ಪೋಸ್ಟಾಫೀಸಿಗೆ ಹೋಗಿ ಟ್ರಂಕ್ ಕಾಲ್ ಬುಕ್ ಮಾಡಿದೆ. ಐವತ್ತು ನಿಮಿಷ ಬೆಂಚಿನ ಮೇಲೆ ಕೂತೆ. ಲೈನ್ ಸಿಕ್ಕಿತು. 'ಸಾಹೇಬ್ರು ಸೀಟಲ್ಲಿಲ್ಲ' ಎಂದ ನಿಮ್ಮ ಗುಮಾಸ್ತ. ಅವನ ಹಿಂದೆ ನಿನ್ನ ಕೆಮ್ಮು ಕೇಳಿಸಿತು. ಮೂವತ್ತು ವರ್ಷದಿಂದ ಕೇಳುತ್ತಿರುವ ಕೆಮ್ಮು ನನಗೆ ಗೊತ್ತಾಗುವುದಿಲ್ಲವೇ?

ಬಿಚ್ಚಿ ನೋಡೋ, ನಿನ್ನ ಕಾಲಿಗೆ ಬೀಳ್ತೀನಿ.

ಅಕ್ಕ

*

ತಂತಿ
ಅಕ್ಟೋಬರ್ 27

ನಾಳೆ ಕಾರು ಓಡಿಸಬೇಡ. ಬಸ್ಸಿನಲ್ಲಿ ಹೋಗಿ. ಅಕ್ಕ.

*

ಅಕ್ಟೋಬರ್ 30

ಅಕ್ಕ,

ನಾನು ಬರೆಯುತ್ತಿರುವುದು ಇವರಿಗೆ ಗೊತ್ತಿಲ್ಲ. ಪಕ್ಕದ ಮನೆಯವರ ಕೈಯಲ್ಲಿ ಅಂಚೆಗೆ ಹಾಕಿಸುತ್ತೇನೆ.

ಮೊದಲು ಒಂದು ತಪ್ಪೊಪ್ಪಿಗೆ. ಆ ದಿನ ಬೆಳಗಿನ ಜಾವ ಕಾರು ತಳ್ಳುವಾಗ ಹಿಂದಿನಿಂದ ನಾನೂ ಕೈ ಕೊಟ್ಟೆ. ನಿಮಗೆ ಹೇಳಿಯೇ ಹೋಗೋಣ ಎಂದು ಎರಡು ಸಲ ಹೇಳಿದೆ, ಇವರು ಕೇಳಲಿಲ್ಲ. ನಿಮ್ಮ ಕೋಣೆಯ ಕಿಟಕಿ ನೋಡುತ್ತಾ ತಳ್ಳಿದೆ. ಅವತ್ತಿನಿಂದ ಮನಸ್ಸಿಗೆ ಸಮಾಧಾನವಿಲ್ಲ.

ನಿಮ್ಮ ತಂತಿ ಬುಧವಾರ ಸಂಜೆ ಬಂತು. ಇವರು ಓದಿ ನಕ್ಕರು. ಆಮೇಲೆ ತಟ್ಟೆಯ ಮುಂದೆ ಕೂತು ಒಂದು ತುತ್ತೂ ತಿನ್ನದೆ ಎದ್ದುಹೋದರು. ಗುರುವಾರ ಬೆಳಿಗ್ಗೆ ನಾನು, 'ಬಸ್ಸಲ್ಲೇ ಹೋಗೋಣ್ರೀ' ಅಂದೆ. 'ಕಾರಿಗೆ ಏನೂ ಆಗಿಲ್ಲ, ಹತ್ತು' ಅಂದರು. ಹೋದೆವು, ಬಂದೆವು. ಏನೂ ಆಗಲಿಲ್ಲ. ಆದರೆ ಅಕ್ಕ, ಇವರು ಮೊದಲಿನ ಹಾಗೆ ಓಡಿಸುವುದಿಲ್ಲ. ಎತ್ತಿನ ಗಾಡಿಯವರು ನಮ್ಮನ್ನು ದಾಟಿ ಹೋಗುತ್ತಾರೆ. ಪ್ರತಿ ಗುರುವಾರ ಹೊರಡುವ ಮೊದಲು ಸ್ಪ್ಯಾನರ್ ಹಿಡಿದು ಕಾರಿನ ಸುತ್ತ ಒಂದು ಗಂಟೆ ಸುತ್ತುತ್ತಾರೆ, ಕೆಳಗೆ ಮಲಗುತ್ತಾರೆ. ಸ್ಟೀರಿಂಗ್ ಹಿಡಿದ ಕೈಯಿಂದ ಬೆವರು ಇಳಿದು ಅಂಗಿಯ ತೋಳು ಒದ್ದೆಯಾಗುತ್ತದೆ. ಇಲ್ಲಿಗೆ ಬರುವ ದಿನ ದಾರಿಯಲ್ಲಿ ಏನೋ ರಿಪೇರಿಗೆ ಹೋಗಿ ಮುಂಗೈ ಸುಟ್ಟುಕೊಂಡಿದ್ದರು. ರೇಡಿಯೇಟರಿನ ಹಬೆ ಎಂದರು. ಆ ಕಲೆಯನ್ನು ಸವರುತ್ತಾ ಕೂರುತ್ತಾರೆ. ಏನು ಯೋಚನೆ ಎಂದು ಕೇಳಿದರೆ, 'ಅಕ್ಕನ ಕಾಗದ ಬರಬೇಕು' ಅನ್ನುತ್ತಾರೆ. ಬಂದಿದೆಯಲ್ಲ, ಎರಡು ಬಂತಲ್ಲ ಅಂದರೆ, 'ಅದಲ್ಲ' ಅನ್ನುತ್ತಾರೆ.

ನನಗೆ ಕಾರು, ಬೋಲ್ಟು ಏನೂ ತಿಳಿಯುವುದಿಲ್ಲ. ನಿಮ್ಮಿಬ್ಬರ ನಡುವೆ ಏನೋ ಇದೆ, ಅದು ನನಗೆ ಭಯ ಹುಟ್ಟಿಸುತ್ತದೆ. ಕಾರಿನಲ್ಲಿ ಕೂರುವವಳು ನಾನು. ಈಗ ಒಬ್ಬಳೇ ಅಲ್ಲ. ಗೊತ್ತಿದ್ದರೆ ಹೇಳಿಬಿಡಿ ಅಕ್ಕ. ಕೇಳಿ ಹೆದರುವುದು ವಾಸಿ, ಕೇಳದೆ ಹೆದರುವುದು ಕಷ್ಟ.

ನಿಮ್ಮ ನೆನಪಿನಲ್ಲಿ,
ನಿಮ್ಮ ತಮ್ಮನ ಹೆಂಡತಿ

*

ನವೆಂಬರ್ 5, ಶುಕ್ರವಾರ

ತಮ್ಮಾ,

ಇದನ್ನು ಆರು ಸಲ ಶುರು ಮಾಡಿ ಹರಿದೆ. ಈ ಸಲ ಹರಿಯುವುದಿಲ್ಲ. ಲಕೋಟೆಗೆ ಅಂಟು ಹಚ್ಚಿಟ್ಟುಕೊಂಡು ಬರೆಯುತ್ತಿದ್ದೇನೆ.

ಆ ಗೆರೆ ಸುಳ್ಳು.

ಸೆಪ್ಟೆಂಬರಿನ ಆ ಭಾನುವಾರ ಸಂಜೆ ನೆನಪು ಮಾಡಿಕೋ. ಸ್ಟೀರಿಂಗ್ ಬಾಕ್ಸ್ ಕೂರಿಸಿದ್ದೆವು. ಎರಡು ಬೋಲ್ಟುಗಳನ್ನು ನಾನು ಬಿಗಿ ಮಾಡಿದ್ದೆ. ಮೂರನೆಯದನ್ನು ಬೆರಳಿನಲ್ಲಿ ತಿರುಗಿಸಿ ಕೂರಿಸಿದ್ದೆ, ಅಷ್ಟೇ. ಅದನ್ನು ಬಿಗಿ ಮಾಡಲು ಉದ್ದ ರಾಡು ಬೇಕಿತ್ತು. ರಾಡು ನಿನ್ನ ಕೈಯಲ್ಲಿತ್ತು. ಆಗಲೇ ನೀನು ಹೇಳಿದ್ದು, ಗುಡ್ಡದ ಆಫೀಸಿಗೆ ಹೋಗುವಾಗ ಮುದುಕಿಯನ್ನು ಒಯ್ಯುತ್ತೇನೆ ಎಂದು. ಇಬ್ಬರೂ ಸೇರಿ ಮಾಡಿದ ಕಾರಲ್ಲವೇನೋ ಎಂದು ನಾನು ಕೇಳಿದ್ದಕ್ಕೆ, 'ಅಪ್ಪನ ಕಾರು ಮಗನಿಗೆ ತಾನೇ ಬರೋದು' ಅಂದೆ. ಎಷ್ಟು ಸಲೀಸಾಗಿ ಅಂದೆ! ಹನ್ನೆರಡು ವರ್ಷ ಟಾರ್ಪಾಲಿನ ಕೆಳಗೆ ಇಲಿ ಗೂಡಾಗಿದ್ದ ಕಾರನ್ನು ಮೊದಲು ತೆರೆದವಳು ನಾನು. ಇಂಜಿನ್ನಿನಿಂದ ಇಲಿ ಮರಿಗಳನ್ನು ಎತ್ತಿ ಹೊರಗಿಟ್ಟ ಕೈ ಇದು. ಆಗ ನೀನು ಸ್ಟೂಲಿನ ಮೇಲೆ ನಿಂತು ಕಿರುಚುತ್ತಿದ್ದೆ.

ನನಗೆ ಅಳು ಬಂತು. ನಿನ್ನ ಮುಂದೆ ಅಳಬಾರದು ಅನಿಸಿತು. ರಾಡು ಕೊಡು ಎಂದು ಬಾಯಿ ತೆರೆದರೆ ಅಳು ಹೊರಗೆ ಬರುತ್ತಿತ್ತು. ನೀನು, 'ಮೂರೂ ಆಯ್ತಾ?' ಅಂದೆ. ನಾನು ಮಾತಾಡದೆ ನೇಲ್‌ಪಾಲಿಶ್ ಬಾಟ್ಲಿ ತೆಗೆದು, ತಳದಲ್ಲಿ ಉಳಿದಿದ್ದನ್ನು ಕೆರೆದು, ಮೂರಕ್ಕೂ ಗೆರೆ ಎಳೆದುಬಿಟ್ಟೆ. ಕನ್ನಡಿಯನ್ನು ನಿನ್ನ ಕಡೆ ಎಸೆದು ಒಳಗೆ ಹೋದೆ. ಬೆಳಿಗ್ಗೆ ಎದ್ದು ಮೂರನೆಯದನ್ನು ಬಿಗಿ ಮಾಡಿ, ಹೊಸ ಗೆರೆ ಎಳೆದು, ಆಮೇಲೆ ಸೈಲೆನ್ಸರ್ ಪೈಪ್ ಹಾಕೋಣ ಎಂದುಕೊಂಡಿದ್ದೆ. ಗೆರೆ ನಂಬಿ ಆ ಸಂಜೆಯೇ ನೀನು ಪೈಪ್ ಹಾಕಿ ಮುಗಿಸುತ್ತೀಯ, ಬೆಳಗಾಗುವುದರೊಳಗೆ ಹೊರಟೂ ಬಿಡುತ್ತೀಯ ಎಂದು ನನಗೇನು ಕನಸು ಬಿದ್ದಿತ್ತೇ?

ಇಷ್ಟೇ ಆಗಿದ್ದರೆ ಮರೆವು, ಸಿಟ್ಟು ಎಂದು ಹೇಳಿ ಮುಗಿಸಬಹುದಿತ್ತು. ಇದರ ಮುಂದಿನದನ್ನು ಬರೆಯಲು ಆಗದೆ ಆರು ಹಾಳೆ ಹರಿದೆ.

ಸೋಮವಾರ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆರೆದೆ. ನೆಲದ ಮೇಲೆ ಎಣ್ಣೆಯ ಕಲೆ ಬಿಟ್ಟರೆ ಏನೂ ಇಲ್ಲ. ಆ ಕ್ಷಣವೇ ನನಗೆ ಮೂರನೆಯ ಬೋಲ್ಟು ನೆನಪಾಯಿತು. ಆ ಕ್ಷಣವೇ, ತಮ್ಮಾ. ಆಗಿನ್ನೂ ಏಳು ಗಂಟೆ. ದಾರಿಯಲ್ಲಿನ ಚೆಕ್‌ಪೋಸ್ಟಿಗೆ ಫೋನ್ ಮಾಡಿಸಬಹುದಿತ್ತು. ನಿನ್ನ ಆಫೀಸಿಗೆ ತಂತಿ ಕೊಡಬಹುದಿತ್ತು. ನಾನು ಏನು ಮಾಡಿದೆ ಗೊತ್ತಾ? ಎಣ್ಣೆಯ ಕಲೆ ನೋಡುತ್ತಾ ನಿಂತು, 'ಹೋಗ್ಲಿ. ದಾರೀಲಿ ಕೈಕೊಡ್ಲಿ. ಆಗ ಅಕ್ಕನ ಬೆಲೆ ಗೊತ್ತಾಗುತ್ತೆ' ಅಂದೆ. ಬಾಯಿ ಬಿಟ್ಟು ಅಂದೆ. ಶೆಡ್ಡಿನಲ್ಲಿ ಪ್ರತಿಧ್ವನಿ ಬಂತು.

ಕೆಟ್ಟು ನಿಲ್ಲಲಿ ಎಂದಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು. ಆದರೆ ಸ್ಟೀರಿಂಗ್ ಬಾಕ್ಸ್ ಕೈಕೊಟ್ಟರೆ ಕಾರು ಕೆಟ್ಟು ನಿಲ್ಲುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕ್ಷೇಮವಾಗಿ ತಲುಪಿದ ಸುದ್ದಿ ಬಂದ ಮೇಲೆ, ಇಷ್ಟು ದೂರ ಹೋಗಿದೆಯಲ್ಲ, ಇನ್ನೇನೂ ಆಗದು ಎಂದು ನಾಲ್ಕು ವಾರ ನನಗೆ ನಾನೇ ಹೇಳಿಕೊಂಡೆ. ನಿನ್ನ ಹೆಂಡತಿಯ ಕಾರ್ಡು ಓದಿದ ಮೇಲೆ ಪೆನ್ನು ಹಿಡಿದೆ. ಆಗಲೂ ನಿಜ ಬರೆಯಲಿಲ್ಲ. ಥ್ರೆಡ್ಡು ಸವೆದಿದೆ ಎಂದು ಕತೆ ಕಟ್ಟಿದೆ. ಯಾಕೆ? ಅಪ್ಪನ ಗೆರೆಗೆ ಸುಳ್ಳು ಬೆರೆಸಿದವಳು ಎಂದು ನೀನು ಹೇಳಬಾರದಲ್ಲ! ನಿನ್ನ ಮನೆಯ ಮೂರು ಜೀವಕ್ಕಿಂತ ನನಗೆ ನನ್ನ ಮರ್ಯಾದೆ ಹೆಚ್ಚಾಯಿತು.

ಬಸ್ಸು ಹತ್ತಿ ಬಂದು ನಾನೇ ಬಿಗಿ ಮಾಡಬಹುದಿತ್ತು ಎಂದು ನೀನು ಕೇಳಬಹುದು. ಎರಡು ಸಲ ಬಸ್ ಸ್ಟ್ಯಾಂಡಿನ ತನಕ ಹೋಗಿ ವಾಪಸ್ ಬಂದೆ. ನಿನ್ನ ಮುಖ ನೋಡಿ ಇದನ್ನು ಹೇಳುವ ಧೈರ್ಯ ನನಗಿಲ್ಲ.

ಈಗ ಕನ್ನಡಿ ಬದಿಗಿಡು. ಪೈಪ್ ಬಿಚ್ಚು. ಬೋಲ್ಟಿಗೆ ಕೈ ಹಾಕು. ಆಮೇಲೆ ನನಗೆ ಏನು ಬೇಕಾದರೂ ಅನ್ನು.

ಅಕ್ಕ

*

ನವೆಂಬರ್ 13, ಶನಿವಾರ

ತಮ್ಮಾ,

ನನ್ನ ಪತ್ರ ತಲುಪಿತೇ? ನೀನು ಮಾತಾಡುವುದು ಬೇಡ. 'ಬಿಗಿ ಮಾಡಿದೆ' ಎಂದು ಎರಡು ಪದ ಬರೆದು ಹಾಕು. ಮೊನ್ನೆ ಗುರುವಾರವೂ ಕಳೆಯಿತು. ಅಂಚೆಯವನ ಸೈಕಲ್ ಬೆಲ್ ಕೇಳಿದರೆ ಸಾಕು, ಅವನು ತಂತಿ ತರುತ್ತಿದ್ದಾನೇನೋ ಎಂದು ಬಾಗಿಲು ತೆರೆಯುವುದಕ್ಕೇ ಹೆದರಿ ಒಳಗೆ ನಿಂತಿರುತ್ತೇನೆ.

ಅಕ್ಕ

*

ನವೆಂಬರ್ 15

ಅಕ್ಕ,

ಗುರುವಾರ ಏನೂ ಆಗಲಿಲ್ಲ. ಮೊದಲು ಅದನ್ನು ಓದಿಕೋ. ಮೂರನೆಯ ಬೋಲ್ಟು ಬಿಗಿಯಾಗಿದೆ. ಅದು ಬಿಗಿಯಾಗಿ ಹತ್ತು ವಾರವಾಯಿತು.

ಸೆಪ್ಟೆಂಬರ್ ಆರು, ಸೋಮವಾರ. ಬೆಳಗಾದ ಮೇಲೆ ಗುಡ್ಡದ ಬುಡ ಮುಟ್ಟಿದೆವು. ಮೂರನೆಯ ತಿರುವಿನಲ್ಲಿ ಸ್ಟೀರಿಂಗ್ ಎಡಕ್ಕೆ ತಿರುಗಿಸಿದೆ. ಮುದುಕಿ ಒಂದು ಕ್ಷಣ ಯೋಚನೆ ಮಾಡಿ ಆಮೇಲೆ ತಿರುಗಿದಳು. ಒಂದೇ ಒಂದು ಕ್ಷಣ. ಎದುರಿಗೆ ಅದಿರು ತುಂಬಿದ ಲಾರಿ. ಅದರ ಕನ್ನಡಿ ನಮ್ಮ ಬಾಗಿಲಿಗೆ ತಗುಲಿಕೊಂಡು ಹೋಯಿತು. ಪಕ್ಕದಲ್ಲಿ ಕೂತಿದ್ದ ಇವಳು ಕಣ್ಣು ಮುಚ್ಚಿದ್ದಳು, ನೋಡಲಿಲ್ಲ. ಹಾರ್ನ್ ಮಾತ್ರ ತಾನಾಗಿ ಹೊಡೆದುಕೊಳ್ಳುತ್ತಿತ್ತು. ಆ ಹಾರ್ನ್ ಕೇಳಿಯೇ ಲಾರಿಯವನು ಬದಿಗೆ ಸರಿದಿದ್ದು. ಅದಕ್ಕೇ ಅದನ್ನು ಇನ್ನೂ ಸರಿಮಾಡಿಲ್ಲ. ವೈರ್ ಬದಲಾಯಿಸಿದೆ ಎಂದು ಬರೆದದ್ದು ಸುಳ್ಳು.

ಬದಿಗೆ ನಿಲ್ಲಿಸಿ ಕೆಳಗೆ ಮಲಗಿದೆ. ಕನ್ನಡಿ ತೂರಿಸಿ ನೋಡಿದೆ. ಮೂರೂ ಗೆರೆ ನೆಟ್ಟಗಿದ್ದವು. ಗೆರೆ ಇದೆಯಲ್ಲ, ಇನ್ನೇನು ಹುಡುಕುವುದು ಎಂದು ಬೇರೆ ಎಲ್ಲ ತಡಕಿದೆ. ಕೊನೆಗೆ ಬೇರೆ ದಾರಿಯಿಲ್ಲದೆ ಬಿಸಿ ಪೈಪನ್ನೇ ಬಿಚ್ಚಿದೆ. ಮುಂಗೈ ಸುಟ್ಟಿದ್ದು ಆಗ. ನಿನ್ನ ಬಿಳಿ ಗೆರೆಯ ಬೋಲ್ಟಿಗೆ ಬೆರಳು ಹಾಕಿದೆ. ಬಾಟ್ಲಿಯ ಮುಚ್ಚಳದ ಹಾಗೆ ತಿರುಗಿತು.

ಕಾರಿನ ಕೆಳಗೆ ಎಷ್ಟು ಹೊತ್ತು ಮಲಗಿದ್ದೆನೋ ಗೊತ್ತಿಲ್ಲ. ಇವಳು ಬಗ್ಗಿ, 'ಏನಾಯ್ತ್ರೀ?' ಅಂದಳು. 'ಏನಿಲ್ಲ' ಅಂದೆ. ಇವಳ ಹೊಟ್ಟೆಯಲ್ಲಿ ಮಗು ಇದೆ ಎಂದು ಆಗ ನಮಗಿಬ್ಬರಿಗೂ ಗೊತ್ತಿರಲಿಲ್ಲ. ಬೋಲ್ಟನ್ನು ಬಿಗಿ ಮಾಡಿದೆ. ನಿನ್ನ ಗೆರೆಯನ್ನು ಉಳಿಯಲ್ಲಿ ಕೆರೆದು ಹಾಕಿದೆ. ಗೆರೆ ಒಡೆದಿಲ್ಲ ಎಂದು ನಿನಗೆ ಬರೆದೆನಲ್ಲ, ಆಗ ಅಲ್ಲಿ ಗೆರೆಯೇ ಇರಲಿಲ್ಲ.

ಹೇಗೆ ಹೇಳಲಿ. ಅಕ್ಕ ಮರೆತಳು ಎಂದು ನನಗೆ ಒಂದು ಗಳಿಗೆಯೂ ಅನಿಸಲಿಲ್ಲ. ನೀನು ಮರೆಯುವವಳಲ್ಲ. ಒಂದು ವಾಷರ್ ಕಡಿಮೆಯಾದರೆ ಶೆಡ್ ಗುಡಿಸಿ ಹುಡುಕುವವಳು. ಬೇಕೆಂದೇ ಮಾಡಿದ್ದಾಳೆ ಎಂದುಕೊಂಡೆ. ಕಾರು ನನಗೆ ಸಿಗಬಾರದೆಂದು, ಸಿಕ್ಕರೆ ನಾನು ಉಳಿಯಬಾರದೆಂದು. ಹತ್ತು ವಾರ ಈ ಮಾತನ್ನು ಎದೆಯೊಳಗೆ ಇಟ್ಟುಕೊಂಡು ಓಡಾಡಿದ್ದೇನೆ. ಇವಳಿಗೂ ಹೇಳಲಿಲ್ಲ. ಹೇಳಿದರೆ ಇವಳು ನಿನ್ನ ಹೆಸರೆತ್ತಿದಾಗಲೆಲ್ಲ ಹೆದರುತ್ತಾಳೆ, ಆ ಹೆದರಿಕೆ ನನಗೊಬ್ಬನಿಗೇ ಸಾಕು ಅನಿಸಿತು.

ನಿನ್ನ ಮೊದಲ ಪತ್ರ ಬಂದಾಗ, ಈಗ ಹೇಳುತ್ತಾಳೆ ಎಂದು ಓದಿದೆ. ಹೇಳಲಿಲ್ಲ. ಎರಡನೆಯದರಲ್ಲಿ 'ಅಷ್ಟೇ, ಬೇರೆ ಕಾರಣ ಇಲ್ಲ' ಎಂಬ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೀಟು ಹಾಕಿದೆ. ಗೀಟು ಎಷ್ಟು ಒತ್ತಿ ಹಾಕಿದೆನೆಂದರೆ ಕಾಗದ ಹರಿಯಿತು. ಫೋನಿನ ಹತ್ತಿರ ಕೂತೇ ಇದ್ದೆ, ತೆಗೆದುಕೊಳ್ಳಲಿಲ್ಲ. ತಂತಿ ಬಂತು. ಆಗಲೂ ಒಂದು ಸಾಲು ಬರೆದು ನಿನ್ನನ್ನು ಬಿಡಿಸಬಹುದಿತ್ತು. ಬರೆಯಲಿಲ್ಲ. ಗುರುವಾರ ನೀನು ಅಲ್ಲಿ ಹಲ್ಲು ತಿರುಗಾಮುರುಗಾ ಕೂರಿಸುತ್ತಿರುತ್ತೀಯ ಎಂದು ಗೊತ್ತಿದ್ದೇ ಬಿಟ್ಟೆ. ಅದರಲ್ಲಿ ನನಗೆ ಒಂಥರಾ ಖುಷಿಯೂ ಇತ್ತು. ನೀನು ಶೆಡ್ಡಿನಲ್ಲಿ ಅಂದದ್ದನ್ನು ಮುಚ್ಚಿಡದೆ ಬರೆದೆ, ಅದಕ್ಕೆ ನಾನೂ ಇದನ್ನು ಬರೆದಿಟ್ಟಿದ್ದೇನೆ. ನಾವಿಬ್ಬರೂ ಅಪ್ಪನ ಮಕ್ಕಳೇ ಬಿಡು, ಹಠದಲ್ಲಿ.

ಐದನೇ ತಾರೀಖಿನ ನಿನ್ನ ಪತ್ರ ಓದಿದ ಮೇಲೆ ಕಾರಿನ ಕೆಳಗೆ ಹೋಗಿ ಮಲಗಿ ಅತ್ತೆ. ಮನೆಯಲ್ಲಿ ಅತ್ತರೆ ಇವಳು ಕೇಳುತ್ತಾಳಲ್ಲ. 'ಮಗನಿಗೆ ತಾನೇ ಬರೋದು' ಎಂದವನು ನಾನೇ. ಆ ಮಾತು ಬಾಯಿಂದ ಬಿದ್ದಾಗಲೇ ನಿನ್ನ ಮುಖ ನೋಡಿದ್ದೆ. ಅದಕ್ಕೇ ಬೆಳಗಾಗುವ ಮೊದಲೇ ಓಡಿಹೋದದ್ದು, ನಿನ್ನ ಮುಖ ಇನ್ನೊಂದು ಸಲ ನೋಡಬಾರದೆಂದು.

ಭಯ ಮಾತ್ರ ಹೋಗಿಲ್ಲ ಅಕ್ಕ. ಉಳಿದ ನಲವತ್ತು ಗೆರೆಗಳನ್ನೂ ಒಂದೊಂದಾಗಿ ಕೆರೆದು ಸ್ಪ್ಯಾನರ್ ಹಾಕಿದ್ದೇನೆ. ಎಲ್ಲವೂ ಕಲ್ಲಿನಂತೆ ಬಿಗಿ. ಆದರೂ ಸ್ಟೀರಿಂಗ್ ಹಿಡಿದರೆ ಮೂರನೆಯ ತಿರುವಿನ ಆ ಒಂದು ಕ್ಷಣ ಕೈಗೆ ಬರುತ್ತದೆ. ಬಸ್ಸು ಕುಲುಕುತ್ತದೆಂದು ಡಾಕ್ಟರಮ್ಮ ಬೇಡ ಅಂದಿದ್ದಾರೆ. ಹೋದ ಗುರುವಾರ ಹನ್ನೊಂದನೇ ತಿರುವಿನಲ್ಲಿ ಬ್ರೇಕ್ ಒತ್ತಿ ಕಾರು ನಿಲ್ಲಿಸಿಬಿಟ್ಟೆ. ಇವಳು ಕಣ್ಣು ಬಿಟ್ಟು ನನ್ನನ್ನು ನೋಡಿದಳು. ಇನ್ನು ನನ್ನಿಂದ ಓಡಿಸಲು ಆಗುವುದಿಲ್ಲ. ನೀನು ಬಂದು ಇವಳನ್ನು ಗುಡ್ಡ ಇಳಿಸಿಕೊಂಡು ಹೋಗು. ನಾನು ಹಿಂದಿನ ಸೀಟಿನಲ್ಲಿ ಕೂರುತ್ತೇನೆ. ನಿನ್ನ ಕೈ ಸ್ಟೀರಿಂಗಿನ ಮೇಲಿದ್ದರೆ ಭಯ ಹೋಗುತ್ತದೋ ಇಲ್ಲವೋ ಗೊತ್ತಿಲ್ಲ. ನೋಡಬೇಕು.

ಹದಿನಾಲ್ಕರ ಸ್ಪ್ಯಾನರ್ ನನ್ನ ಹತ್ತಿರ ಇದೆ. ಕದ್ದು ತಂದಿದ್ದೆ.

ತಮ್ಮ

*

ನವೆಂಬರ್ 19

ತಮ್ಮಾ,

ನಿನ್ನ ಕಾಗದವನ್ನು ಲ್ಯಾಬಿನ ಬೆಂಚಿನ ಮೇಲೆ ಓದಿದೆ. ಓದಿ ಮುಗಿಸಿದಾಗ ಪ್ಲಾಸ್ಟರ್ ಬಟ್ಟಲೊಳಗೇ ಕಲ್ಲಾಗಿತ್ತು. ಡಾಕ್ಟರು ಏನೂ ಕೇಳದೆ ರಜೆ ಬರೆದುಕೊಟ್ಟರು.

ನಾನು ನಿನ್ನನ್ನು ಕೊಲ್ಲಲು ನೋಡಿದೆ ಎಂದು ಹತ್ತು ವಾರ ನಂಬಿಕೊಂಡಿದ್ದೆಯಲ್ಲ. ಇಲ್ಲವೋ ಎಂದು ಕೂಗಬೇಕು ಅನಿಸುತ್ತದೆ. ಆದರೆ ಶೆಡ್ಡಿನಲ್ಲಿ ನಿಂತು 'ಕೈಕೊಡ್ಲಿ' ಅಂದವಳೂ ನಾನೇ.

ಮಂಗಳವಾರ ಸಂಜೆಯ ಬಸ್ಸಿಗೆ ಬಂದಿಳಿಯುತ್ತೇನೆ. ಸ್ಟ್ಯಾಂಡಿಗೆ ಕಾರು ತರಬೇಡ, ನಡೆದು ಬಾ. ನೇಲ್‌ಪಾಲಿಶ್ ತರುವುದಿಲ್ಲ, ಬಾಟ್ಲಿಯನ್ನು ಎಸೆದಿದ್ದೇನೆ. ಬುಧವಾರ ಪೂರ್ತಿ ನಮಗೆ ಕೆಲಸವಿದೆ. ಗುರುವಾರ ನಾನೇ ಓಡಿಸುತ್ತೇನೆ. ಹಾರ್ನಿಗೆ ಕೈ ಹಚ್ಚುವುದಿಲ್ಲ, ಹೊಡೆದುಕೊಳ್ಳಲಿ.

ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡ. ಮೂರನೆಯ ಬೋಲ್ಟನ್ನು ಬಿಗಿ ಮಾಡಿದ್ದೇನೆ ಎಂದು ಬರೆದಿದ್ದೀಯ. ನಂಬುತ್ತೇನೆ. ಆದರೂ ಬುಧವಾರ ಬೆಳಿಗ್ಗೆ ಪೈಪ್ ಬಿಚ್ಚಿ ನಾನೊಂದು ಸಲ ಕೈ ಹಾಕಿ ನೋಡುತ್ತೇನೆ. ನಾನು ನೋಡಿದ ಮೇಲೆ ನೀನೂ ಕೈ ಹಾಕಿ ನೋಡು.

ಅಕ್ಕ